ಹಿತ್ತಲ ಮರದ ಬಾಣಂತಿ

ಕೋಟದ ನಮ್ಮ ಮನೆಯ ಹಿತ್ತಲಲ್ಲಿ, ಅಮ್ಮ ಮೀನು ಕೊಯ್ಯುವ ಕಲ್ಲಿನ ಪಕ್ಕ, ಒಂದು ಉಪ್ಪಳಿಗೆ ಮರವಿದೆ. ಅದರ ಎಲೆ ಊಟದ ತಟ್ಟೆಯಷ್ಟು ಅಗಲ. ನಾನು ತೆಕ್ಕಟ್ಟೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ಬಟ್ಟೆ ಹರವುತ್ತಿದ್ದಾಗ ಒಂದು ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಳ ಕಂಡಿತು. ಮೈತುಂಬ ಕಪ್ಪು ಚುಕ್ಕಿ, ಬೆನ್ನನ್ನೆಲ್ಲ ಮುಚ್ಚಿದ ಒಂದೇ ಚಿಪ್ಪು. ಗುರಾಣಿ ತಿಗಣೆಗಳ ಬಳಗದ್ದು. ಹೊಟ್ಟೆಯ ಕೆಳಗೆ ಒತ್ತೊತ್ತಾಗಿ ಮೊಟ್ಟೆಗಳಿದ್ದವು.

ಅಮ್ಮನನ್ನು ಕರೆದೆ.

“ಥೂ, ನಾತದ ಹುಳ. ಮುಟ್ಬೇಡ, ಕೈ ತೊಳದ್ರೂ ವಾಸ್ನಿ ಹೋತಿಲ್ಲೆ,” ಅಂದಳು. ನಾನು ಹುಟ್ಟುವ ಮೊದಲಿನಿಂದ ಮೀನು ಮಾರುತ್ತಿರುವವಳ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬಂತು.

ನಾನು ಬೆರಳನ್ನು ಹತ್ತಿರ ಒಯ್ದೆ. ಹುಳ ಹಾರಲಿಲ್ಲ. ಬೆನ್ನಿನ ಚಿಪ್ಪನ್ನು ನನ್ನ ಬೆರಳಿನ ಕಡೆಗೆ ವಾಲಿಸಿ ಮೊಟ್ಟೆಗಳನ್ನು ಮರೆಮಾಡಿತು. ಅಮ್ಮ ಬಗ್ಗಿ ನೋಡಿದಳು.

“ಎಷ್ಟ್ ದಿನ ಹೀಂಗೇ ಕೂಕಂತ್ತ್?”

“ಮರಿ ಬಪ್ಪಲ್ಲಿವರೆಗೂ.”

ಮರುದಿನದಿಂದ ಅಮ್ಮ ಮಾರ್ಕೆಟ್ಟಿನಿಂದ ಬಂದವಳೇ ಬುಟ್ಟಿ ಇಳಿಸಿ ನೇರ ಮರದ ಬಳಿ ಹೋಗುತ್ತಿದ್ದಳು. ಕೋಳಿಗಳನ್ನು ಓಡಿಸುತ್ತಿದ್ದಳು. “ನಮ್ಮನ್ಯಂಗೆ ಒಂದ್ ಬಾಣಂತಿ ಇತ್ತ್,” ಎಂದು ಪಕ್ಕದ ಮನೆಯವರಿಗೆ ಹೇಳಿ ಅವರನ್ನು ಗಾಬರಿಪಡಿಸಿದ್ದೂ ಉಂಟು.

ಅಷ್ಟರಲ್ಲಿ ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಗೆಲ್ಲು ಕಡಿಯಲು ಲೈನ್‌ಮ್ಯಾನ್ ಬಂದರು. ಅವರು ತೋರಿಸಿದ್ದು ಹುಳವಿದ್ದ ಗೆಲ್ಲನ್ನೇ. ಅಮ್ಮ ಮರದ ಬುಡದಲ್ಲಿ ನಿಂತಳು.

“ಇದೊಂದ್ ಗೆಲ್ ಬಿಡಿ.”

“ಗಾಳಿ ಬಂದ್ರೆ ತಂತಿಗ್ ತಾಗತ್ತ್ ಅಮ್ಮ. ಕಡೂದೇ ಸೈ.”

ಅಮ್ಮ ಎಲೆ ಎತ್ತಿ ಹುಳವನ್ನು ತೋರಿಸಿದಳು. ಅವರು ಕಡ್ಡಿಯಿಂದ ಮೆಲ್ಲಗೆ ತಾಗಿಸಿದರು. ಅದು ಮತ್ತೆ ಬೆನ್ನು ವಾಲಿಸಿತೇ ಹೊರತು ಜಾಗ ಬಿಡಲಿಲ್ಲ.

“ಹೋತಿಲ್ಲೆ ಅಲ್ದಾ ಇದ್,” ಅಂದರು.

“ಮಕ್ಳನ್ ಬಿಟ್ ಎಲ್ ಹೋತ್ತ್? ತುದಿ ಮಾತ್ರ ಕಡೀರಿ. ಅಲುಗದ ಹಾಂಗೆ ನಾ ಹಿಡ್ಕಂತೆ.”

ಅವರು ಏಣಿ ಹತ್ತಿ ತುದಿಯನ್ನಷ್ಟೇ ಕಡಿದರು. ಅದು ಮುಗಿಯುವವರೆಗೂ ಅಮ್ಮ ಎರಡೂ ಕೈಯಲ್ಲಿ ಗೆಲ್ಲನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ತಲೆ ಮೇಲೆಲ್ಲ ಮರದ ಹೊಟ್ಟು. ಹುಳ ಕದಲಲಿಲ್ಲ.

ಕೆಲವು ದಿನಗಳಲ್ಲಿ ಮೊಟ್ಟೆ ಒಡೆದವು. ಮರಿಗಳು ತಾಯಿಯ ಕೆಳಗೆ ಗುಂಪಾಗಿ ಇದ್ದು, ಆಮೇಲೆ ಕಾಯಿಗೊಂಚಲುಗಳ ಕಡೆ ಹೊರಟವು.

ಮರುವರ್ಷ ಅದೇ ಮರದಲ್ಲಿ ಇನ್ನೂ ಕೆಲವು ತಾಯಿಹುಳಗಳು ಕಂಡವು. ರಜೆ ಸಿಗುವ ಮೊದಲು ನನ್ನ ತರಗತಿಯನ್ನು ಕರೆತಂದೆ. ಅಮ್ಮ ಅವತ್ತು ಮೀನಿಗೆ ಹೋಗಲಿಲ್ಲ, ಒಳ್ಳೆಯ ಸೀರೆ ಉಟ್ಟಿದ್ದಳು. “ಹ್ವಾಯ್, ದೂಡ್ಬೇಡಿ, ಸರದಿ ಮೇಲೆ ಬನ್ನಿ,” ಎಂದು ಮಾರ್ಕೆಟ್ಟಿನ ದನಿಯಲ್ಲೇ ಎಲ್ಲರನ್ನೂ ನಿಲ್ಲಿಸಿ, ಎಲೆ ಎತ್ತಿ ತೋರಿಸಿ, ಆ ಹುಳ ಯಾಕೆ ಹಾರುವುದಿಲ್ಲ ಎಂದು ಹೇಳಿದಳು. ನಾನು ಹಿಂದೆ ನಿಂತು ಕೇಳುತ್ತಿದ್ದೆ.

ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ ಕೇಳಿದಳು, “ಟೀಚರ್, ಅವ್ರ್ ಯಾರ್?”

“ನನ್ನಮ್ಮ,” ಅಂದೆ.