ಗಂಟಕ್ಕನ ಹಗುರ ಕಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಂಡ್ರಿಯ ಹಿಂಬಾಗಿಲಲ್ಲಿ ನಿಂತ ಬಿಳಿ ಪಿಕಪ್ಪಿನ ಸುತ್ತ ಗಂಟಕ್ಕ ನಿಧಾನವಾಗಿ ಒಂದು ಸುತ್ತು ಬರುತ್ತಾರೆ. ಒಂದೊಂದು ಚಕ್ರದ ಮುಂದೂ ಕುಕ್ಕರಗಾಲಲ್ಲಿ ಕೂತು, ಗಾಳಿ ಅಳೆಯುವ ಗೇಜನ್ನು ಒತ್ತಿ, ಮೊಬೈಲಿನ ಬೆಳಕಲ್ಲಿ ಮುಳ್ಳು ನೋಡುತ್ತಾರೆ. ಹಿಂದಿನ ಎಡ ಚಕ್ರ ತುಸು ಇಳಿದಿದೆ. ಸೀಟಿನ ಕೆಳಗಿಂದ ಕಾಲಲ್ಲಿ ತುಳಿಯುವ ಪಂಪು ಹೊರಬರುತ್ತದೆ.

"ರಾತ್ರಿ ಚಳಿಗೆ ಗಾಳಿ ಇಳಿದುಬಿಡುತ್ತೆ. ಇಳಿದ ಚಕ್ರಕ್ಕೆ ರಸ್ತೆ ಬಿಟ್ಟು ಏಳೋಕೆ ಮನಸ್ಸೇ ಇರಲ್ಲ, ಬೆಳಿಗ್ಗೆ ಹಾಸಿಗೆ ಬಿಡದ ಮಕ್ಕಳ ಥರ. ಎಬ್ಬಿಸೋಕೆ ಡೀಸೆಲ್ ಬೇಕು," ಎನ್ನುತ್ತಾರೆ ತುಳಿಯುತ್ತಲೇ.

ಆಸ್ಪತ್ರೆಗಳ ಹಾಸು, ಹೊದಿಕೆ, ದಿಂಬಿನ ಚೀಲಗಳನ್ನು ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ಇದು. ಗಂಟು ಕಟ್ಟಿದ ಬಟ್ಟೆಯನ್ನು ಒಯ್ದು ತಲುಪಿಸುವುದು, ಕೊಳೆಯಾದದ್ದನ್ನು ಹೊತ್ತು ತರುವುದು ಅವರ ಕೆಲಸ. ಹಾಗಾಗಿಯೇ ಗಂಟಕ್ಕ. ಹೆತ್ತವರಿಟ್ಟ ಹೆಸರು ಹಿಡಿದು ಯಾರಾದರೂ ಕರೆದರೆ ತಿರುಗಿ ನೋಡುವುದಕ್ಕೆ ಒಂದು ಕ್ಷಣ ಬೇಕಾಗುತ್ತದಂತೆ. ಪಿಕಪ್ ಅವರದೇ, ಡೀಸೆಲ್ ಲಾಂಡ್ರಿಯ ಯಜಮಾನಮ್ಮನದು.

ಗಂಟುಗಳೆಲ್ಲ ಹೇರಿಯಾಗುವ ತನಕ ಅವರು ಇಂಜಿನ್ ಚಾಲೂ ಮಾಡುವುದಿಲ್ಲ. ಪಕ್ಕದ ಗೋದಾಮಿನ ಮುಂದೆ ಒಂದು ಲಾರಿ ಆಗಿನಿಂದ ನಿಂತಲ್ಲೇ ಗುರುಗುಡುತ್ತಿದೆ. ಅದರತ್ತ ಗದ್ದ ತಿರುಗಿಸಿ, "ಅದು ಈಗ ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡ್ತಿದೆ ಹೇಳಿ? ಸೊನ್ನೆ," ಎಂದು ನಗುತ್ತಾರೆ.

ಮೊದಲು ಗುಡ್ಡದ ಮೇಲಿನ ಹೆರಿಗೆ ಆಸ್ಪತ್ರೆ. ದೂರದ್ದಕ್ಕೇ ಮೊದಲು ಹೋಗುವುದಕ್ಕೆ ಕಾರಣವಿದೆ. ಹೋಗುವಾಗ ಒಣಗಿದ ಗಂಟು, ಬರುವಾಗ ಒದ್ದೆ ಗಂಟು. ಎಣಿಕೆ ಅದೇ, ತೂಕ ಬೇರೆ. ಏರು ಹತ್ತುವಾಗ ಗಾಡಿ ಹಗುರವಾಗಿರಬೇಕು. ಭಾರವಾದಾಗ ಇಳಿಜಾರು ಸಿಕ್ಕರೆ ಅದೇ ತಳ್ಳಿಕೊಂಡು ಬರುತ್ತದೆ. ಹೆದ್ದಾರಿಯಲ್ಲಿ ಅವರ ಪಕ್ಕ ಕೂತವರಿಗೆ ಬೇಗನೆ ತಿಳಿಯುತ್ತದೆ, ಈ ಕಾಲು ಬ್ರೇಕನ್ನು ಅಪರೂಪಕ್ಕೆ ಮುಟ್ಟುತ್ತದೆ. ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲೆತ್ತುತ್ತಾರೆ. ಗಾಡಿ ತಾನೇ ತೆವಳಿಕೊಂಡು ಹೋಗಿ ಸೇರುವಷ್ಟರಲ್ಲಿ ದೀಪ ಹಸಿರಾಗಿರುತ್ತದೆ. ಹಿಂದಿನ ಕಾರಿನವನು ಹಾರ್ನ್ ಒತ್ತಿದರೆ, "ಹೋಗಪ್ಪ, ಹೋಗು, ನಿನ್ನ ಅಪ್ಪನ ದುಡ್ಡು," ಎಂದು ದಾರಿ ಬಿಡುತ್ತಾರೆ.

ಇಂಥ ಕಾಲಿನ ಮೇಲೆಯೇ ಎರಡು ವರ್ಷ ದೂರು ಇತ್ತು ಎಂದರೆ ನಂಬುವುದು ಕಷ್ಟ.

ಗಾಡಿ ಕೊಳ್ಳುವಾಗ ಷೋರೂಮಿನವರು ಲೀಟರಿಗೆ ಹದಿನೇಳು ಎಂದಿದ್ದರು. "ಖಾಲಿ ಗಾಡಿ, ಸಪಾಟು ರಸ್ತೆ, ಎದುರುಗಾಳಿ ಇಲ್ಲ, ಸಿಗ್ನಲ್ ಇಲ್ಲ. ಆ ರಸ್ತೆ ಎಲ್ಲಿದೆ ಅಂತ ನಾನೂ ಹುಡುಕ್ತಾನೇ ಇದ್ದೀನಿ," ಎನ್ನುತ್ತಾರೆ ಗಂಟಕ್ಕ. ಹೊರೆ, ಏರು, ಊರೊಳಗಿನ ನಿಲುಗಡೆ ಎಲ್ಲ ಕಳೆದು ಲಾಂಡ್ರಿಯ ಇನ್ನೊಂದು ಪಿಕಪ್ ಹದಿಮೂರರ ಸುತ್ತಮುತ್ತ ಕೊಡುತ್ತಿತ್ತು. ಇವರದು ಹನ್ನೊಂದನ್ನೂ ದಾಟುತ್ತಿರಲಿಲ್ಲ. ಗ್ಯಾರೇಜಿನ ಮೆಕ್ಯಾನಿಕ್ ಫಿಲ್ಟರ್ ಬದಲಿಸಿದ, ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಚಕ್ರ ಎತ್ತಿ ತಿರುಗಿಸಿ ನೋಡಿದ. ಕೊನೆಗೆ ಕೈ ಒರೆಸಿಕೊಳ್ಳುತ್ತ ತೀರ್ಪು ಕೊಟ್ಟ: "ಗಾಡೀಲಿ ಏನೂ ಇಲ್ಲ ಅಕ್ಕ, ನಿಮ್ಮ ಕಾಲು ಸ್ವಲ್ಪ ಭಾರ. ಸಿಟ್ಟೆಲ್ಲ ಪೆಡಲ್ ಮೇಲೆ ತೋರಿಸ್ಬೇಡಿ."

ಸುತ್ತ ನಿಂತಿದ್ದ ಚಾಲಕರು ನಕ್ಕರು. ಗಂಟಕ್ಕನೂ ನಕ್ಕು, "ಹೌದಪ್ಪ, ಸಿಟ್ಟು ಮನೇಲಿ ಖರ್ಚಾಗ್ತಿಲ್ಲ," ಎಂದರು.

ಆದರೆ ತಪ್ಪು ಎಲ್ಲಿದೆ ಎಂದು ಅವರಿಗೆ ಆಗಲೇ ಗೊತ್ತಿತ್ತು. ತಲೆಯ ಹಿಂದೆಯೇ ಇತ್ತು.

ಈ ಪಿಕಪ್ ಮೊದಲು ಓಡಿಸುತ್ತಿದ್ದವರು ಅವರ ಗಂಡ. ವೆಲ್ಡಿಂಗ್ ಅವರ ಕಸುಬು. ಬಿಡುವಿನಲ್ಲಿ ಪೀಠೋಪಕರಣದ ಅಂಗಡಿಯ ಫೋಮ್ ಹಾಸಿಗೆಗಳನ್ನು ಸಾಗಿಸುತ್ತಿದ್ದರು. ಹಾಸಿಗೆ ಹಗುರ, ಆದರೆ ಎತ್ತರ. ಅದಕ್ಕೆಂದು ಕ್ಯಾಬಿನ್ನಿಗಿಂತ ಮೊಳ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಬೆಸೆದು, ಮೇಲೆ ಟಾರ್ಪಾಲು ಬಿಗಿದರು. ಮೂಲೆಗಳಲ್ಲಿ ಬಳ್ಳಿಯಂಥ ತಿರುವು, ಬೆಸುಗೆಯ ಗುರುತೇ ಕಾಣದಂಥ ನಯ. ಅದೇ ಅವರ ಕೊನೆಯ ಕೆಲಸವಾಯಿತು. ವರ್ಷಗಟ್ಟಲೆ ಬೆಸುಗೆಯ ಬೆಳಕು ನೋಡಿದ ಕಣ್ಣುಗಳಲ್ಲಿ, ನೋಟದ ನಟ್ಟನಡುವೆ, ಒಂದು ಕಪ್ಪು ಮಚ್ಚೆ ಕೂತಿತು. ಈಗ ಅಂಚಿನಲ್ಲಿ ಇರುವುದಷ್ಟೇ ಅವರಿಗೆ ಕಾಣುತ್ತದೆ. ಗಂಟಕ್ಕ ಡ್ರೈವಿಂಗ್ ಕಲಿತದ್ದು ಆಮೇಲೆ.

ಲಾಂಡ್ರಿಯ ಗಂಟುಗಳು ಆ ಎತ್ತರದ ಅರ್ಧಕ್ಕೂ ಬರುವುದಿಲ್ಲ. ಖಾಲಿ ಬಿದ್ದ ಮೇಲರ್ಧ ಹೆದ್ದಾರಿಯಲ್ಲಿ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತಿತ್ತು. ವೇಗ ಹೆಚ್ಚಿದಷ್ಟೂ ಗಾಳಿ ಹಿಂದಕ್ಕೆ ಜಗ್ಗುತ್ತಿತ್ತು. "ತೆಗೆಸಿಬಿಡಿ ಅಂತ ಹೇಗೆ ಹೇಳ್ಲಿ? ದಿನಾ ಸಂಜೆ ಗಾಡಿ ಬಂದ ತಕ್ಷಣ ಹೊರಗೆ ಬಂದು ಆ ಕಂಬಿ ಮೇಲೆ ಕೈ ಆಡಿಸೋರು. ಗಟ್ಟಿ ಇದೆ ಅಲ್ವೇನೇ, ಅನ್ನೋರು. ಬಂಡೆ ಥರ ಇದೆ ರೀ, ಅಂತಿದ್ದೆ. ನನ್ನ ಕಾಲಿಗೆ ಒಂದು ಮಾತು ಬಂದ್ರೆ ಏನು ಸವೆದುಹೋಗುತ್ತೆ ಅಂದ್ಕೊಂಡೆ."

ಸವೆಯುವುದು ಬೇರೊಬ್ಬರ ಕೈ ಎಂದು ತಿಳಿದದ್ದು, ಯಜಮಾನಮ್ಮ ಕರೆದು ಕೂರಿಸಿ ಮಾತಾಡಿದ ದಿನ. ಕೆಟ್ಟ ಹೆಂಗಸಲ್ಲ ಆಕೆ. "ನೋಡಮ್ಮ, ಗುಡ್ಡದ ಆಸ್ಪತ್ರೆಯಿಂದ ಬರೋ ದುಡ್ಡು ನಿನ್ನ ಗಾಡಿಯ ಹೊಟ್ಟೆಗೇ ಸಾಲ್ತಿಲ್ಲ. ಬರೋ ತಿಂಗಳಿಂದ ಅಲ್ಲಿಗೆ ಹೋಗೋದು ಬಿಟ್ಟುಬಿಡೋಣ," ಎಂದರು. ಲಾಂಡ್ರಿ ಬಿಟ್ಟರೆ ಅಲ್ಲಿನ ಹಾಸುಗಳನ್ನೆಲ್ಲ ಒಗೆಯಬೇಕಾದವರು ವಯಸ್ಸಾದ ಆಯಾ ಒಬ್ಬರೇ. ಗಂಟಕ್ಕ ಮೊದಲ ಸಲ ಹೋದಾಗ ಅವರ ಬೆರಳುಗಳು ತಣ್ಣೀರು, ಸೋಡದಲ್ಲಿ ಸೀಳಿ, ಗಂಟು ಬಿಚ್ಚಲೂ ಬಾಗುತ್ತಿರಲಿಲ್ಲ. ಆ ಬೆರಳು ವಾಸಿಯಾಗಲು ಒಂದು ವರ್ಷ ಹಿಡಿದಿತ್ತು.

"ಆವತ್ತು ಮನೆಗೆ ಬಂದು ಹೇಳೋಣ ಅಂತ ಬಾಯಿ ತೆಗೆದೆ. ಅವರು ಆಗಲೇ ಕಂಬಿ ಸವರ್ತಾ ನಿಂತಿದ್ರು. ಬಾಯಿ ಮುಚ್ಕೊಂಡೆ."

ಮರುವಾರ ಗಂಡನನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯಬೇಕಿತ್ತು. ಎಷ್ಟೋ ಕಾಲದ ಮೇಲೆ ಅವರು ಈ ಗಾಡಿಯಲ್ಲಿ, ಅದೂ ಪಕ್ಕದ ಸೀಟಿನಲ್ಲಿ ಕೂತರು. ಹೆದ್ದಾರಿ ಸೇರಿ ಗಾಡಿ ವೇಗ ಹಿಡಿದಾಗ ಮಾತು ನಿಲ್ಲಿಸಿ ತಲೆ ವಾಲಿಸಿ ಆಲಿಸಿದರು. ಹಿಂದೆ ಟಾರ್ಪಾಲು ಪಟಪಟ ಬಡಿಯುತ್ತಿತ್ತು, ಕಂಬಿಗಳ ನಡುವೆ ಗಾಳಿ ಊಳಿಡುತ್ತಿತ್ತು.

"ಕಾಲು ತೆಗಿ," ಎಂದರು.

ತೆಗೆದರು. ಸಪಾಟು ರಸ್ತೆಯಲ್ಲೂ ಗಾಡಿ ಅಂಗಿ ಹಿಡಿದು ಹಿಂದಕ್ಕೆಳೆದಂತೆ ತಟ್ಟನೆ ವೇಗ ಕಳೆದುಕೊಂಡಿತು.

"ಯಾವಾಗಿಂದ ಹೀಗೆ ಕೂಗ್ತಿದೆ ಇದು?"

ಗಂಟಕ್ಕ ಮತ್ತೆ ಪೆಡಲ್ ಒತ್ತಿದರು. ಗಂಡ ಇನ್ನೊಮ್ಮೆ ಕೇಳಲಿಲ್ಲ. ಕಣ್ಣಿನ ಆಸ್ಪತ್ರೆಯಿಂದ ವಾಪಸು ಬರುವಾಗ, "ಮನೆಗೆ ಬೇಡ, ಗ್ಯಾರೇಜಿಗೆ ಬಿಡು," ಎಂದರಷ್ಟೇ. ಮೆಕ್ಯಾನಿಕ್ ಕಟರ್ ಹಿಡಿದು ನಿಂತಾಗ, ಪ್ರತಿ ಕಂಬಿಯನ್ನೂ ಬೆರಳಲ್ಲಿ ತಡವಿ ಎಲ್ಲಿ ಕೊಯ್ಯಬೇಕೆಂದು ತೋರಿಸಿದವರು ಅವರೇ. ಕಿಡಿ ಹಾರುವಾಗ ಮುಖ ಆಚೆ ತಿರುಗಿಸಿಕೊಂಡಿದ್ದರು. "ಕಣ್ಣಿಗಾಗಿಯೋ ಮನಸ್ಸಿಗಾಗಿಯೋ, ನಾನೂ ಕೇಳ್ಲಿಲ್ಲ," ಎನ್ನುತ್ತಾರೆ ಗಂಟಕ್ಕ. ಕೊಯ್ದದ್ದೆಲ್ಲ ಮುಗಿದ ಮೇಲೆ ಮೆಕ್ಯಾನಿಕ್ಕಿಗೆ ಒಂದು ಮಾತು ಹೇಳಿದರಂತೆ: "ಇನ್ಮೇಲೆ ಅವಳ ಕಾಲಿನ ಸುದ್ದಿಗೆ ಬರಬೇಡ. ಭಾರ ನನ್ನದಿತ್ತು."

ಈಗ ಟಾರ್ಪಾಲು ಕ್ಯಾಬಿನ್ನಿಗೆ ಸಮನಾಗಿ ಬಿಗಿದು ಕೂತಿದೆ. ಹದಿಮೂರಕ್ಕೆ ತುಸು ಕಡಿಮೆ ಬರುತ್ತಿದೆ. ಎದುರುಗಾಳಿಯ ದಿನ ಅದೂ ಇಲ್ಲ. ಯಜಮಾನಮ್ಮ ಮೂರು ವಾರ ನೋಡಿ, ಗುಡ್ಡದ ಮಾತು ಕೈಬಿಟ್ಟರು.

ಗುಡ್ಡದ ಮೇಲೆ ಬಿಸಿಲು ಬಿದ್ದಿದೆ. ಒಳಗೆಲ್ಲೋ ಹೊಸ ಕೂಸೊಂದು ಅಳುತ್ತಿದೆ. ಆಯಾ ಬಾಗಿಲಿಗೆ ಬಂದು, "ಬಂದ್ಯಾ ತಾಯಿ? ರಾತ್ರಿ ಎರಡು ಹೆರಿಗೆ, ಒಂದು ಹಾಸೂ ಉಳಿದಿಲ್ಲ," ಎನ್ನುತ್ತ ಗಂಟಿಗೆ ಕೈ ಹಾಕುತ್ತಾರೆ. ಗಂಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಹಾಸುಗಳು ಹೋಗಿ ಕೂರುವುದು ಗೋಡೆಗಂಟಿದ ಕಬ್ಬಿಣದ ಕಪಾಟಿನಲ್ಲಿ. ಅದರ ಮೂಲೆಗಳಲ್ಲಿ ಬಳ್ಳಿಯಂಥ ತಿರುವು. ಕೊಯ್ದ ಕಂಬಿಗಳನ್ನು ಅಳತೆ ಹೇಳಿ ಜೋಡಿಸಿದ್ದು ಗಂಡ, ಬೆಸೆದದ್ದು ಮೆಕ್ಯಾನಿಕ್.

"ಅವರನ್ನ ಒಂದು ಸಲ ಇಲ್ಲಿಗೆ ಕರ್ಕೊಂಡು ಬರ್ಬೇಕು. ತುಂಬಿದ ಕಪಾಟಿನ ಮೇಲೆ ಕೈ ಆಡಿಸ್ಲಿ," ಎನ್ನುತ್ತಾರೆ ಗಂಟಕ್ಕ. "ಯಾಕೆ ಮೊದಲೇ ಹೇಳ್ಲಿಲ್ಲ ಅಂತ ಅವರು ಇವತ್ತಿನವರೆಗೂ ಕೇಳಿಲ್ಲ. ಆ ಒಂದು ಉಪಕಾರ ನಾನು ಮರೆಯಲ್ಲ."

ಒದ್ದೆ ಗಂಟುಗಳು ಹೇರಿಯಾಗಿವೆ. ಮುಂದೆ ಇಳಿಜಾರು. ಗಂಟಕ್ಕ ಗೇರು ಹಾಕಿ, ಪೆಡಲಿನ ಮೇಲೆ ಚಪ್ಪಲಿಯ ತುದಿಯನ್ನಷ್ಟೇ ಇಡುತ್ತಾರೆ.

"ಕಾಲು ಮೊದಲಿಂದಲೂ ಹಗುರವೇ ಇತ್ತು," ಎನ್ನುತ್ತಾರೆ ರಸ್ತೆ ನೋಡುತ್ತಲೇ. "ಹೇಳ್ಕೊಳ್ಳೋ ಹಾಗಿರಲಿಲ್ಲ, ಅಷ್ಟೇ."