ಸೊನ್ನೆಯೋ, ಸುದ್ದಿಯೇ ಇಲ್ಲವೋ

ಬೇಗೂರಿಗೆ ಇನ್ನೂ ಹಾಲಿನ ವ್ಯಾನ್ ಬಂದಿಲ್ಲ. ದೇವಸ್ಥಾನದ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ ವೇಣಿ ಆಗಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಯಾವ ರಕ್ತನಿಧಿಯಲ್ಲಿ ಏನು ಸಿಗುತ್ತದೆಂದು ತೋರಿಸುವ ಜಾಲತಾಣವೊಂದನ್ನು ನೋಡಿಕೊಳ್ಳುವುದು ಅವರ ಕೆಲಸ. ಕಚೇರಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೆಳಗಿನ ಪಾಳಿ ಮಾತ್ರ ಮನೆಯಿಂದಲೇ.

ರಕ್ತನಿಧಿಗಳು ತಮ್ಮ ವಿವರವನ್ನು ಕಂಪ್ಯೂಟರ್ ಓದಬಲ್ಲ ಜೇಸನ್ (JSON) ಎಂಬ ರೂಪದಲ್ಲಿ ಕಳಿಸುತ್ತವೆ. "ಡಬ್ಬಿಯೊಳಗೆ ಡಬ್ಬಿ ಇಟ್ಟಂಗಿರುತ್ತೆ," ಎನ್ನುತ್ತಾರೆ ವೇಣಿ. "ರಕ್ತನಿಧಿ ಒಳಗೆ ಸ್ಟಾಕು, ಸ್ಟಾಕೊಳಗೆ ಪ್ಲೇಟ್‌ಲೆಟ್ಟು, ಅದರೊಳಗೆ ಬ್ಲಡ್ ಗ್ರೂಪು. ತಳದಲ್ಲಿರೋ ಒಂದು ನಂಬರ್ ತೆಗೆದು ಜನಕ್ಕೆ ತೋರಿಸ್ಬೇಕು. ಅಷ್ಟೇ."

ಅಷ್ಟೇ ಎಂಬುದರ ತೂಕ ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ. ಡೆಂಗಿ ಜೋರಾಗಿತ್ತು. ಮಾರತ್ತಹಳ್ಳಿಯ ಪಟ್ಟಾಭಿರಾಮ, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಪತ್ನಿ ವೆಂಕಟಲಕ್ಷ್ಮಿ ಆಸ್ಪತ್ರೆಯಲ್ಲಿದ್ದರು. ತಕ್ಷಣ ಪ್ಲೇಟ್‌ಲೆಟ್ ಹೊಂದಿಸಿ ಎಂದರು ವೈದ್ಯರು. ಜಾಲತಾಣ ನೋಡಿದರೆ ಹತ್ತಿರದ ರಕ್ತನಿಧಿಯ ಮುಂದೆ ಸೊನ್ನೆ. ನಂಬಿಕೆ ಬಾರದೆ ಸಹಾಯವಾಣಿಗೆ ಫೋನ್ ಮಾಡಿದರು. ಎತ್ತಿದ್ದು ಆ ಪಾಳಿಯಲ್ಲಿದ್ದ ವೇಣಿ.

"ಮೇಡಂ, ನಮ್ ತಮ್ಮ ನೆನ್ನೆ ತಾನೇ ಅಲ್ಲಿ ಪ್ಲೇಟ್‌ಲೆಟ್ ಕೊಟ್ಟು ಬಂದಿದಾನೆ. ಸುಮಾರು ಜನ ಕೊಟ್ರಂತೆ. ಅಷ್ಟು ಬೇಗ ಖಾಲಿ ಆಗ್ಬಿಡುತ್ತಾ?"

ವೇಣಿ ಮೊದಲು ಕೋಡ್ ತೆರೆಯಲಿಲ್ಲ, ರಕ್ತನಿಧಿಗೇ ಫೋನ್ ಮಾಡಿದರು. "ಇದೆಯಲ್ಲ ಮೇಡಂ," ಎಂದಿತು ಆ ಕಡೆಯ ದನಿ. ಪಟ್ಟಾಭಿರಾಮರನ್ನು ಅತ್ತ ಕಳಿಸಿದ ಮೇಲೆಯೇ ತಪ್ಪು ಹುಡುಕಲು ಕೂತರು. ರಕ್ತನಿಧಿಯವರು ತಂತ್ರಾಂಶ ಬದಲಿಸಿದ್ದರು. ಪ್ಲೇಟ್‌ಲೆಟ್‌ನ ಲೆಕ್ಕ ಇನ್ನೂ ಒಂದು ಡಬ್ಬಿ ಒಳಕ್ಕೆ ಸರಿದಿತ್ತು. ಹಳೆಯ ಜಾಗದಲ್ಲಿ ಏನೂ ಸಿಗದಾಗ ಕೋಡ್ ತಾನಾಗಿ ಸೊನ್ನೆ ಬರೆದುಬಿಡುತ್ತಿತ್ತು.

ಕೋಡ್ ಹೊಸ ಜಾಗದಲ್ಲಿ ಹುಡುಕುವಂತೆ ತಿದ್ದಿದ್ದು ಬೇಗ ಆಯಿತು. ವೇಣಿ ಅಲ್ಲಿಗೇ ಬಿಡಲಿಲ್ಲ. ಒಳಗಿನ ಸಂಖ್ಯೆ ಸಿಗದಿದ್ದರೆ ಸೊನ್ನೆಯ ಬದಲು 'ಮಾಹಿತಿ ಬಂದಿಲ್ಲ, ಕರೆ ಮಾಡಿ ಕೇಳಿ' ಎಂದು ತೋರಿಸುವಂತೆ ಬರೆದರು. ಮೇಲಧಿಕಾರಿ ಶ್ರೀಕಾಂತ್‌ಗೆ ಅದು ಹಿಡಿಸಲಿಲ್ಲ.

"ನಮ್ಮ ಸೈಟೇ ಕೆಟ್ಟಿದೆ ಅಂದ್ಕೊಳ್ತಾರೆ ವೇಣಿ."

"ಅಂದ್ಕೊಳ್ಳಲಿ ಸಾರ್. ಮಾಹಿತಿ ಇಲ್ಲ ಅಂದ್ರೆ ಫೋನ್ ಮಾಡ್ತಾರೆ. ಸೊನ್ನೆ ನೋಡಿದವರು ವಾಪಸ್ ಹೋಗ್ಬಿಡ್ತಾರೆ."

ಹಾಗಾದರೆ ಹಾಕು ಎಂದರು ಶ್ರೀಕಾಂತ್. ಅಂದಿನಿಂದ ಎಲ್ಲ ರಕ್ತನಿಧಿಗಳಿಗೂ ಅದೇ ನಿಯಮ. ವೆಂಕಟಲಕ್ಷ್ಮಿ ಚೇತರಿಸಿಕೊಂಡು ಮನೆಗೆ ಬಂದರು. ಈಗ ನೆರೆಹೊರೆಯಲ್ಲಿ ಯಾರಿಗೆ ರಕ್ತ ಬೇಕಾದರೂ ಪಟ್ಟಾಭಿರಾಮ ಇದೇ ಜಾಲತಾಣ ತೋರಿಸುತ್ತಾರೆ.

ವೇಣಿಯನ್ನು ಓದಿಸಿದ್ದು ತಾಯಿ ಅನುಸೂಯಮ್ಮ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿದು. ಮಗಳ ಕೆಲಸ ಏನೆಂದು ಅವರಿಗೆ ಬಹಳ ದಿನ ಅರ್ಥವಾಗಿರಲಿಲ್ಲ.

"ಕಂಪ್ಯೂಟರ್ ಕೆಲಸ ಅಂತಷ್ಟೇ ಹೇಳ್ತಿದ್ದೆ," ಎಂದು ವೇಣಿ ನಗುತ್ತಾರೆ. "ಈಗ ಹೇಳೋದು ಬೇರೆ. ಇರೋದನ್ನ ಇದೆ ಅಂತೀನಿ, ಗೊತ್ತಿಲ್ದೇ ಇರೋದನ್ನ ಗೊತ್ತಿಲ್ಲ ಅಂತೀನಿ ಕಣಮ್ಮ, ಅದಕ್ಕೇ ಸಂಬಳ ಕೊಡ್ತಾರೆ ಅಂತ."