ನೈರುತ್ಯದ ಬೀರುವೂ ನನ್ನ ಅತ್ತರೂ

ನಮ್ಮ ಮಲಗುವ ಕೋಣೆಯಲ್ಲೊಂದು ವಾಸನೆ ಸೇರಿಕೊಂಡಿತ್ತು. ದುರ್ಗಂಧವೆಂದು ದೂರುವಷ್ಟು ದೊಡ್ಡದೇನಲ್ಲ; ಒದ್ದೆ ಗೋಣಿಚೀಲವನ್ನು ಯಾರೋ ಮಡಿಸಿಟ್ಟು ಮರೆತಂತೆ, ಅಷ್ಟೇ. ವಯಸ್ಸಾದವರ ಮೈಗೆ ಒಂದು ಬಗೆಯ ವಾಸನೆ ಬರುತ್ತದೆಂದು ನಾನು ಹಿಂದೆಲ್ಲೋ ಓದಿದ್ದೆ. ಓದಿದ್ದೆಲ್ಲ ಮರೆತುಹೋಗುವ ಈ ನಿವೃತ್ತಿಯ ಕಾಲದಲ್ಲಿ ಅದೊಂದು ಮಾತ್ರ ಅಚ್ಚಳಿಯದೆ ಉಳಿದಿದ್ದರಿಂದ, ನಾರುತ್ತಿರುವವನು ನಾನೇ ಎಂಬ ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಬೇವಿನ ಸೋಪು, ಚಂದನದ ಪುಡಿ, ಕೊನೆಗೆ ಅತ್ತರು, ಹೀಗೆ ನನ್ನ ಶುದ್ಧೀಕರಣ ಪರ್ವ ಆರಂಭವಾಯಿತು. ಯಲಹಂಕದ ತರಕಾರಿ ಅಂಗಡಿಯವನು ಯಾರ ಮದುವೆಗೆ ಹೊರಟಿದ್ದೀರೆಂದು ವಿಚಾರಿಸುವಷ್ಟು ಘಮಘಮಿಸಿದರೂ, ಕೋಣೆಗೆ ಕಾಲಿಟ್ಟರೆ ಗೋಣಿಚೀಲ ನನಗಿಂತ ಮೊದಲೇ ಹಾಜರು. ಅಷ್ಟರಲ್ಲಿ ಹೆಂಡತಿ ಸುಶೀಲಾ ಹಾಸಿಗೆ ಸುತ್ತಿಕೊಂಡು ಹಾಲಿಗೆ ವಲಸೆ ಹೋದಳು. ಅಲ್ಲಿ ಫ್ಯಾನಿನ ಗಾಳಿ ಚೆನ್ನಾಗಿದೆಯಂತೆ. ಫ್ಯಾನು ಹಾಕಿದರೆ ಕಾಲು ಸೆಳೆಯುತ್ತದೆಂದು ಮದುವೆಯಾದಂದಿನಿಂದ ಜಗಳ ಕಾಯ್ದವಳು ಅವಳು! ನನಗೆ ನಿಜಕ್ಕೂ ದುಃಖವಾಯಿತು. ಆದರೆ ಕೇಳುವ ಧೈರ್ಯ ಬರಲಿಲ್ಲ. ನೀವೇ ಹೇಳಿ, ಕೇಳಿದಾಗ ಅವಳು ನಿಜ ಹೇಳಿಬಿಟ್ಟಿದ್ದರೆ ನನ್ನ ಗತಿಯೇನು?

ಹೀಗಿರುವಾಗ ಕೆಳಮನೆಯ ಮೆಹರುನ್ನೀಸಾ ಮೇಡಂ, ಶಾಲೆಯಲ್ಲಿ ಗಣಿತ ಕಲಿಸುವವರು, ಸುಶೀಲಾಳ ಇಳಕಲ್ ಸೀರೆಗಳನ್ನು ನೋಡಲೆಂದು ಮೇಲೆ ಬಂದರು. ಕೋಣೆಯಲ್ಲಿದ್ದ ಬೀರುವಿನ ಬಾಗಿಲು ತೆರೆದದ್ದೇ ತಡ, ಮೂಗರಳಿಸಿ, "ಬೀರು ಹಿಂದೆ ಬೂಷ್ಟು ಹಿಡ್ದಿದೆ ಕಣ್ರೀ. ನಮ್ಮನೇಲೂ ಇದೇ ಕಥೆ ಆಗಿತ್ತು" ಎಂದರು. ಕೊಲೆ ಆರೋಪದಿಂದ ಖುಲಾಸೆಯಾದವನಿಗೂ ಅಂಥ ಆನಂದವಾಗಿರಲಾರದು.

ಸೀರೆಗಳನ್ನು ಹೊರಗೆ ತೆಗೆದು ಮೂವರೂ ಸೇರಿ ಬೀರುವನ್ನು ಎಳೆದೆವು. ಹಿಂದಿನ ಗೋಡೆಯ ತುಂಬ ಕಪ್ಪು ಹಸಿರು ಬೂಷ್ಟು ಸಕಲ ವೈಭವದಿಂದ ರಾರಾಜಿಸುತ್ತಿತ್ತು. ವಿಜಯಪುರದ ಒಣ ನೆಲದಿಂದ ಬಂದ ನಮಗೆ ಗೋಡೆಗಳೂ ಬೆವರುತ್ತವೆಂಬ ಜ್ಞಾನವೇ ಇರಲಿಲ್ಲ. ಮನೆಯಲ್ಲಿ ಲಕ್ಷ್ಮಿ ನೆಲೆಸಬೇಕಾದರೆ ಬೀರು ನೈರುತ್ಯ ಮೂಲೆಯಲ್ಲಿ, ಗೋಡೆಗೆ ಬೆನ್ನು ಅಂಟಿಸಿಕೊಂಡೇ ನಿಲ್ಲಬೇಕೆಂದು ಗೃಹಪ್ರವೇಶದ ದಿನ ಸುಶೀಲಾಳ ಅಣ್ಣ ಅಪ್ಪಣೆ ಕೊಡಿಸಿದ್ದ. ಆ ಗೋಡೆಯಾಚೆ ಬಚ್ಚಲುಮನೆ ಇದೆಯೆಂದು ಯಾರೂ ಯೋಚಿಸಲಿಲ್ಲ. ದೀಪಾವಳಿಗೆ ಬಣ್ಣ ಹೊಡೆಸಿದಾಗಲೂ ಲಕ್ಷ್ಮಿಯನ್ನು ಅಲುಗಿಸಬಾರದೆಂದು ಬೀರುವಿನ ಸುತ್ತ ಮಾತ್ರ ಬಳಿಸಿ, ಹಿಂದಿನದನ್ನು ದೇವರಿಗೆ ಬಿಟ್ಟಿದ್ದೆವು.

ಗೋಡೆಯನ್ನೇ ನೋಡುತ್ತಿದ್ದ ಸುಶೀಲಾ ಮಂಚದ ಮೇಲೆ ಕುಳಿತು ನಗತೊಡಗಿದಳು. "ಇದು ನನ್ನ ಮೊಣಕಾಲಿನ ಎಣ್ಣಿ ವಾಸನಿ ಅಂತ ತಿಳ್ಕೊಂಡಿದ್ದೆರೀ. ನಿಮಗ ತ್ರಾಸ ಆಗಬಾರ್ದಂತ ಹೊರಗ ಮಲಗತಿದ್ದೆ."

ನಾನು ಅತ್ತರಿನ ಕಥೆ ಒಪ್ಪಿಸಿದೆ. ಮೆಹರುನ್ನೀಸಾ ಮೇಡಂ ಸೆರಗಿನಲ್ಲಿ ನಗು ಮುಚ್ಚಿಕೊಂಡು ಮೆಟ್ಟಿಲಿಳಿದರು.

ಕಿಟಕಿ ತೆರೆದು, ಮೂಗಿಗೆ ಬಟ್ಟೆ ಕಟ್ಟಿ, ಗೋಡೆಯನ್ನು ಸೋಪಿನ ನೀರಿನಿಂದ ಉಜ್ಜಿದೆವು; ಬಚ್ಚಲಿನ ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಿ ಗೋಡೆಯನ್ನು ಒಣಗಲು ಬಿಟ್ಟೆವು. ಮನಸ್ಸಿನಲ್ಲಿ ಮುಚ್ಚಿಟ್ಟ ಮಾತಿಗೂ ಹೀಗೆಯೇ ಬೂಷ್ಟು ಹಿಡಿಯುತ್ತದೆ ಎಂದು ನಾನು ಉಪದೇಶಕ್ಕೆ ತೊಡಗಿದ್ದೆ; ಸುಶೀಲಾ ನನ್ನ ಕೈಗೆ ಬ್ರಷ್ಷು ಕೊಟ್ಟು ಮೂಲೆ ತೋರಿಸಿದಳು. ಬೀರು ಈಗಲೂ ನೈರುತ್ಯದಲ್ಲೇ ಇದೆ, ಗೋಡೆಯಿಂದ ಗೇಣು ದೂರ. ಲಕ್ಷ್ಮಿ ಈವರೆಗೆ ಆಕ್ಷೇಪಿಸಿಲ್ಲ.

ಸುಶೀಲಾಳ ಹಾಸಿಗೆಯೂ ಮರಳಿ ಬಂದಿದೆ. ನಮ್ಮ ಕೋಣೆಯಲ್ಲಿ ಈಗಲೂ ಒಂದು ವಾಸನೆ ಇದೆ, ಸ್ವಲ್ಪ ಓಮ, ಸ್ವಲ್ಪ ಕರ್ಪೂರ, ಮೊಣಕಾಲಿನ ಎಣ್ಣೆಯದು. ಅದಿಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ.